ಬಚ್ಚಲ ಒಲೆಯ ಬಿಳಿ ಹೊಗೆ

ನಮ್ಮ ಮನೆಯಲ್ಲಿ ಒಲೆಗಳು ನಾಲ್ಕು, ಮನುಷ್ಯರೂ ನಾಲ್ವರೇ. ಅಡುಗೆ ಮನೆಯಲ್ಲಿ ಎರಡು ಒಲೆ, ಹಿತ್ತಲ ಮಾಡಿನಡಿ ಭತ್ತ ಬೇಯಿಸುವ ದೊಡ್ಡ ಒಲೆ, ಇನ್ನೊಂದು ಬಚ್ಚಲದ್ದು. ಮನುಷ್ಯರೆಂದರೆ ಅಪ್ಪನ ತಾಯಿಯಾದ ಅಜ್ಜಿ, ಅಪ್ಪ, ನನಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣ, ಮತ್ತೆ ನಾನು. ಅಂಕೋಲೆಯ ಪೇಟೆಯಿಂದ ನಡೆದು ಬಂದರೆ ಬೆವರು ಬರುವ ಮೊದಲೇ ಸಿಗುವ ಮನೆ. ಮುಂದೆ ಗದ್ದೆ, ಹಿಂದೆ ಗೇರು ಗುಡ್ಡ. ಬಚ್ಚಲು ಮನೆಗೆ ತಾಗಿರಲಿಲ್ಲ. ಗುಡ್ಡದ ಕಡೆಗೆ ಮುಖ ಮಾಡಿ ಒಂಟಿಯಾಗಿ ನಿಂತಿತ್ತು. ಅದರೊಳಗೆ ಒಂದು ತಾಮ್ರದ ಹಂಡೆ. ಅದು ನನ್ನ ಅವ್ವೆಯ ಹಂಡೆ. ಮದುವೆಯಾಗಿ ಬರುವಾಗ ಅವ್ವೆ ಅದನ್ನು ಸದಾಶಿವಗಡದ ತವರಿನಿಂದ ತಂದದ್ದಂತೆ, ಕಾಳಿ ನದಿಯಲ್ಲಿ ದೋಣಿ ದಾಟಿಸಿ, ಆಮೇಲೆ ಗಾಡಿಯ ಮೇಲೆ ಹುಲ್ಲು ಹಾಸಿ. ನನಗೆ ಮೂರು ತುಂಬುವಾಗ ಅವ್ವೆ ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ, ಹಂಡೆಯ ಕಂಠದ ನೆಗ್ಗು ಮಾತ್ರ ಚೆನ್ನಾಗಿ ನೆನಪಿದೆ. ಅವ್ವೆಯ ಬಗ್ಗೆ ಏನು ಕೇಳಿದರೂ ಅಜ್ಜಿ ಹಂಡೆಯ ಕಡೆಗೇ ಕೈ ತೋರಿಸುತ್ತಿದ್ದಳು.

ಅಜ್ಜಿಗೆ ಒಲೆಯ ವಿಷಯದಲ್ಲಿ ನೂರೆಂಟು ಕಟ್ಟಳೆಗಳಿದ್ದವು. ಒಲೆಗೆ ಕಾಲು ತಾಗಿಸಕೂಡದು, ಬೆಳಿಗ್ಗೆ ಸಾರಿಸದೆ ಹೊತ್ತಿಸಕೂಡದು. ಎಲ್ಲಕ್ಕಿಂತ ದೊಡ್ಡದು, ಉರಿಯುವ ಒಲೆಯ ಮೇಲಿನ ಪಾತ್ರೆಗೆ ಬೇರೆ ಮನೆಯವರು ಕೈ ಹಾಕಕೂಡದು. ಹಾಕಿದರೆ ಹಾಕಿದವನ ಮನೆಯ ಒಲೆ ಆರಿಹೋಗುತ್ತದೆ, ಆ ಮನೆಯ ಕುಡಿ ಉಳಿಯುವುದಿಲ್ಲ. ಇದು ನಮ್ಮ ಮನೆಯ ಮಾತಷ್ಟೇ ಅಲ್ಲ, ನಮ್ಮ ಕೇರಿಯಲ್ಲಿ ಎಲ್ಲರೂ ನಂಬಿದ ಮಾತು. ನೆರೆಮನೆಯಲ್ಲಿ ಹಾಲು ಉಕ್ಕಿ ಬಂದರೂ ನಾವು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆವೇ ಹೊರತು ಇಳಿಸುತ್ತಿರಲಿಲ್ಲ. ಈಗಿನವರಿಗೆ ನಗೆ ಬರಬಹುದು, ಬರಲಿ. ಈ ಮಾತು ತಲೆಯಲ್ಲಿಲ್ಲದಿದ್ದರೆ ಮುಂದಿನ ಕಥೆಗೆ ತಲೆಯೂ ಇಲ್ಲ, ಬುಡವೂ ಇಲ್ಲ.

ಅಣ್ಣನನ್ನು ಅಪ್ಪ ಕಾರವಾರದ ಹೈಸ್ಕೂಲಿಗೆ ಹಾಕಿದ್ದ. ಓದಿ ಕಚೇರಿಯಲ್ಲಿ ಕಾರಕೂನನಾಗಿ ಕೂತರೆ ಗದ್ದೆ ನೀರಿನಲ್ಲಿ ಕಾಲು ಕೊಳೆಯುವುದು ತಪ್ಪುತ್ತದೆ ಎಂಬುದು ಅಪ್ಪನ ಲೆಕ್ಕ. ಅಣ್ಣ ಹೋಗುವಾಗ ಕರಿ ಟೊಪ್ಪಿಗೆ ಹಾಕಿಕೊಂಡು ಹೋದವನು ಬರುವಾಗ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದ. ಬಂದವನು ತಿರುಗಿ ಹೋಗಲಿಲ್ಲ. ಸಮುದ್ರದ ನೀರು ತಂದು ಮಡಕೆಯಲ್ಲಿ ಕುದಿಸಿದ. ಅದು ಸರಕಾರಕ್ಕೆ ವಿರುದ್ಧವಂತೆ. ಚರಕ ತಂದು ಜಗಲಿಯಲ್ಲಿಟ್ಟ. ಅದೂ ಸರಕಾರಕ್ಕೆ ವಿರುದ್ಧವಂತೆ. ನನಗೆ ಆಗ ಒಂಬತ್ತು. ಸರಕಾರ ಎಂದರೆ ಕಾರವಾರದಲ್ಲಿ ಸಮುದ್ರಕ್ಕೆ ಎದುರಾಗಿ ಇರುವ ಯಾರೋ ಒಬ್ಬ ಮುದುಕ ಎಂದು ತಿಳಿದಿದ್ದೆ. ಉಪ್ಪು ಕುದಿಸಿದರೆ, ನೂಲು ತೆಗೆದರೆ ಅವನಿಗೆ ಯಾಕೆ ಸಿಟ್ಟು ಬರಬೇಕು ಎಂಬುದು ಮಾತ್ರ ತಲೆಗೆ ಹೋಗುತ್ತಿರಲಿಲ್ಲ. ಅಜ್ಜಿಯನ್ನು ಕೇಳಿದರೆ, ಅವಳಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ನನಗೆ ಅರ್ಧ ತಿಳಿದಿದೆ, ಅರ್ಧ ತಿಳಿದಿಲ್ಲ.

ಆ ವರ್ಷ ಗದ್ದೆಯ ತೀರುವೆ, ಎಂದರೆ ಸರಕಾರದ ಕಂದಾಯ, ಕಟ್ಟಕೂಡದು ಎಂದು ಊರೂರಿಗೆ ಮಾತು ಬಂತು. ಮಾತು ತಂದವರಲ್ಲಿ ನಮ್ಮ ಅಣ್ಣನೂ ಒಬ್ಬ. ಅಕ್ಷರ ಅಚ್ಚೊತ್ತಿದ ನೀಲಿ ಮಸಿಯ ಹಾಳೆಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಊರಿಂದ ಊರಿಗೆ ನಡೆಯುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನಿಗೂ ಅವನಿಗೂ ಹತ್ತಿಕೊಂಡಿತು. ಬಾಳೆಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಒಣ ಶೆಟ್ಲಿ ಸೀಗಡಿಯ ಚಟ್ನಿ. ಅಪ್ಪ ಮೊದಲ ತುತ್ತನ್ನು ಕಲೆಸಿ ಬಾಯಿಗಿಡದೆ ಹಾಗೇ ಹಿಡಿದಿದ್ದ.

“ತೀರುವೆ ಕಟ್ಟದಿದ್ರೆ ಗದ್ದೆ ಹರಾಜು ಆಗ್ತದೆ. ಗದ್ದೆ ಹೋದ್ರೆ ಎಂತ ತಿಂತೆ? ನಿನ್ನ ಹಾಳೆ ತಿಂತ್ಯಾ?”

“ಇಡೀ ಊರು ಕಟ್ಟೂದಿಲ್ಲ ಅಂದ್ರೆ ಹರಾಜಿಗೆ ಕೂಗವ್ರು ಯಾರಪ್ಪಾ?”

“ಕೂಗವ್ರು ಇರ್ತ್ರು. ನೀ ಊರು ಕಂಡದ್ದು ನಿನ್ನೆ, ನಾ ಕಂಡದ್ದು ನಲವತ್ತು ವರ್ಷ.”

“ಹಾಂಗಾರೆ ನೀ ಕಟ್ಟು. ನಾ ಮನೆಮನೆಗೆ ಹೋಗಿ ಕಟ್ಬೇಡಿ ಅಂತ ಹೇಳ್ತೆ, ನನ್ನ ಅಪ್ಪ ಕಟ್ದ ಅಂತ್ಲೂ ನಾನೇ ಹೇಳ್ತೆ.”

ಅಪ್ಪ ಎದ್ದುಹೋದ. ಅನ್ನ ಬಿಟ್ಟು ಎದ್ದದ್ದಕ್ಕೆ ಅಜ್ಜಿ ಇಬ್ಬರಿಗೂ ಬೈದಳು. ಮರುದಿನ ಊರ ದೇವರ ಮುಂದೆ ಎಲ್ಲರೂ ತೆಂಗಿನಕಾಯಿ ಮುಟ್ಟಿ ತೀರುವೆ ಕಟ್ಟುವುದಿಲ್ಲ ಎಂದು ಆಣೆ ಮಾಡಿದಾಗ, ಎಲ್ಲರಿಗಿಂತ ಮುಂದೆ ಹೋಗಿ ಕಾಯಿ ಮುಟ್ಟಿದವನು ಅಪ್ಪ. ಮನೆಗೆ ಬಂದು ಅಣ್ಣನ ಹತ್ತಿರ ಮಾತಾಡಲಿಲ್ಲ, ಎಂಟು ದಿನ. ಒಪ್ಪದಿದ್ದ ಮೇಲೆ ಕಾಯಿ ಯಾಕೆ ಮುಟ್ಟಿದ, ಮುಟ್ಟಿದ ಮೇಲೆ ಸಿಟ್ಟು ಯಾಕೆ? ಅಪ್ಪ ಸಾಯುವವರೆಗೂ ನನಗೆ ಇದು ಬಗೆಹರಿಯಲಿಲ್ಲ.

ಕೊಯ್ಲು ಮುಗಿದು ಗೇರು ಹೂ ಬಿಡುವ ಹೊತ್ತಿಗೆ ಅಣ್ಣನ ಹೆಸರಿಗೆ ವಾರಂಟು ಬಂತು. ಅವನು ಹಿಂದಿನ ಗುಡ್ಡಕ್ಕೆ ಸೇರಿಕೊಂಡ. ಹೋಗುವ ಮುಂಚೆ ನನ್ನನ್ನು ಬಚ್ಚಲ ಹಿಂದೆ ಕರೆದು, ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡ.

“ಹೊನ್ನೂ, ಪೋಲೀಸರು ಊರಲ್ಲಿ ಇಲ್ಲಾಂತ ಖಾತ್ರಿ ಆದ ದಿವ್ಸ, ಮಧ್ಯಾಹ್ನ ಉಂಡ ಮೇಲೆ ಬಚ್ಚಲ ಒಲೆ ಹೊತ್ಸು. ಹಸಿ ಗೇರು ಸೊಪ್ಪು ಹಾಕು, ಬಿಳಿ ಹೊಗೆ ಏಳ್ತದೆ. ಬಿಳಿ ಹೊಗೆ ಕಂಡ್ರೆ ಬಂದು ಉಂಡ್ಕಂಡು ಹೋಗ್ತೆ. ಕಾಣದಿದ್ರೆ ಬರೂದಿಲ್ಲ.”

“ಅಜ್ಜಿಗೆ ಹೇಳ್ಲಾ?”

“ಹೇಳೂಕಾಗ. ಅಪ್ಪಂಗೂ ಹೇಳೂಕಾಗ. ಅಜ್ಜಿಗೆ ಸುಳ್ಳು ಹೇಳೂಕೆ ಬರೂದಿಲ್ಲ, ಕೇಳ್ದವರಿಗೆಲ್ಲ ಹೇಳಿಬಿಡ್ತದೆ. ನನ್ನ ತಲೆ ಮುಟ್ಟಿದ್ದೆ, ನೆನಪಿರಲಿ.”

ಅಣ್ಣನ ತಲೆ ಮುಟ್ಟಿ ಆಣೆ ಮಾಡಿ ಮುರಿದರೆ ಅಣ್ಣ ಸಾಯುತ್ತಾನೆ. ಇದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನಮ್ಮ ಮನೆಯಲ್ಲಿ ಬಚ್ಚಲ ಒಲೆ ಉರಿಯುತ್ತಿದ್ದುದು ಬೆಳಗಾತ ಒಮ್ಮೆ, ಸಂಜೆ ಒಮ್ಮೆ. ಮಧ್ಯಾಹ್ನ ಅದರಲ್ಲಿ ಬೆಕ್ಕು ಮಲಗುತ್ತಿತ್ತು. ಅಜ್ಜಿ ಉಂಡು ಒರಗುವ ಹೊತ್ತು ನೋಡಿ ನಾನು ಬೆಕ್ಕನ್ನು ಎಬ್ಬಿಸಿ ಎರಡು ಸಲ ಹೊಗೆ ಹಾಕಿದೆ. ಎರಡು ಸಲವೂ ಅಣ್ಣ ಬಂದ. ಗೇರು ಹೂವಿನ ವಾಸನೆ ಹೊಡೆಯುತ್ತಾ, ಮೈ ಕೈ ಪರಚಿಕೊಂಡು, ಅಡುಗೆ ಮನೆಯ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಗಬಗಬ ಉಂಡು ಹೋದ. ಅಜ್ಜಿ ಅವನ ಬೆನ್ನು ಸವರುತ್ತಾ, ತಾನು ಮೀನು ಸಾರು ಮಾಡಿದ ದಿನವೇ ಮೊಮ್ಮಗ ಬರುವಂತೆ ಮಾಡಿದ ದೇವರಿಗೆ ಕೈ ಮುಗಿದಳು. ನಾನು ದೇವರಂತೆ ಸುಮ್ಮನೆ ಕೂತಿದ್ದೆ. ಇಷ್ಟು ದೊಡ್ಡ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಸೊಕ್ಕು ಏನು ಹೇಳಲಿ.

ಮೂರನೆಯ ಸಲ ಹೊಗೆ ಹಾಕಿದವಳು ನಾನಲ್ಲ. ಆ ದಿನ ನಾವು ಉಂಡು ಕೈ ತೊಳೆಯುವಷ್ಟರಲ್ಲಿ ನೆರೆಮನೆಯಾಕೆ ಬೇಲಿಯ ಆಚೆಯಿಂದ ಕೂಗಿದಳು, ಜಪ್ತಿಯವರು ಬಂದಿದ್ದಾರೆ, ಕಂಚು ತಾಮ್ರ ಒಂದೂ ಬಿಡುತ್ತಿಲ್ಲ, ಇನ್ನು ನಿಮ್ಮ ಮನೆಯೇ ಎಂದು. ತೀರುವೆ ಕಟ್ಟದವರ ಮನೆಯ ಸಾಮಾನು ಎತ್ತಿಕೊಂಡು ಹೋಗಿ ಹರಾಜು ಹಾಕುವುದಕ್ಕೆ ಜಪ್ತಿ ಎನ್ನುತ್ತಿದ್ದರು. ಅಪ್ಪ ಜಗಲಿಯಲ್ಲಿ ಕೂತವನು ಕೂತೇ ಇದ್ದ. ಅಜ್ಜಿ ಮಾತ್ರ ಸೀರೆ ಸೊಂಟಕ್ಕೆ ಸಿಕ್ಕಿಸಿದಳು.

“ಹೊನ್ನೂ, ಬಾವಿಂದ ನೀರು ತಾ. ಇದ್ದ ಪಾತ್ರೆಗೆಲ್ಲ ನೀರು ತುಂಬ್ಸು. ಎಲ್ಲಾನೂ ಒಲೆ ಮೇಲೆ ಏರ್ಸ್ತೆ. ಪಾತ್ರೆ ಎತ್ತವ ನಮ್ಮೂರ ಉಗ್ರಾಣಿ ಗಿರಿಯಾ ಅಲ್ದಾ? ಉರಿಯೂ ಒಲೆ ಮುಟ್ಟೂಕೆ ಅವನ ಕೈಲಿ ಆಗ್ತದ್ಯಾ ಕಾಣ್ವಾ.”

ಎಂಥ ಬುದ್ಧಿ ಅಜ್ಜಿಯದು! ನಾನು ಕುಣಿಯುತ್ತಾ ನೀರು ಸೇದಿದೆ. ಅಡುಗೆ ಮನೆಯ ಎರಡು ಒಲೆಯ ಮೇಲೆ ಕೊಡಪಾನ, ತಪ್ಪಲೆ. ಭತ್ತದ ಒಲೆಯ ಮೇಲೆ ದೊಡ್ಡ ಕೊಪ್ಪರಿಗೆ, ಅದರೊಳಗೆ ಚೊಂಬು, ತಟ್ಟೆ, ಗಿಂಡಿ ಎಲ್ಲ ಮುಳುಗಿಸಿದ್ದಾಯಿತು. ಆಮೇಲೆ ಅಜ್ಜಿ ಬೆಂಕಿಯ ಕೊಳ್ಳಿ ಹಿಡಿದು ಬಚ್ಚಲಿನ ಕಡೆಗೆ ಹೊರಟಳು. ನಾನು ಓಡಿಹೋಗಿ ಅಡ್ಡ ನಿಂತೆ.

“ಅಜ್ಜೀ, ಬಚ್ಚಲ ಒಲೆ ಬೇಡ.”

“ಎಂತಕ್ಕೆ ಬೇಡ?”

“ಬೇಡ ಅಂದ್ರೆ ಬೇಡ.”

“ಹುಚ್ಚು ಹಿಡೀತಾ ನಿಂಗೆ? ನಿನ್ನ ಅವ್ವೆ ಹಂಡೆ ಅದು. ಅದೊಂದು ಹೋಗೂಕೆ ಬಿಡ್ತ್ನಾ ನಾನು?”

ಅಜ್ಜಿ ಒಣ ಗರಿ, ಒಣ ಸೌದೆ ಒಡ್ಡಿ ಬೆಂಕಿ ಹಾಕಿ, ನೋಡಿಕೋ, ಆರಬಾರದು ಎಂದು ನನಗೇ ಹೇಳಿ ಅಡುಗೆ ಮನೆಗೆ ಓಡಿದಳು. ನಾನು ಬಚ್ಚಲಲ್ಲಿ ಒಬ್ಬಳೇ. ಬೆಂಕಿ ಉರಿದರೆ ಹೊಗೆ ಏಳುತ್ತದೆ, ಅಣ್ಣ ಬರುತ್ತಾನೆ, ಪೋಲೀಸರ ಕೈಗೆ ಬೀಳುತ್ತಾನೆ. ಬೆಂಕಿ ಆರಿದರೆ ಅವ್ವೆಯ ಹಂಡೆ ಹೋಗುತ್ತದೆ. ಅಜ್ಜಿಗೆ ಹೇಳಿದರೆ ಆಣೆ ಮುರಿದು ಅಣ್ಣ ಸಾಯುತ್ತಾನೆ. ಯಾವ ಕಡೆಗೆ ತಿರುಗಿದರೂ ಗೋಡೆ. ಕೊನೆಗೆ ಹಂಡೆ ಹೋದರೆ ಹೋಗಲಿ ಎಂದುಕೊಂಡೆ. ಮೀಯುವ ಚೊಂಬಿನಲ್ಲಿ ನೀರು ತುಂಬಿ ಒಲೆಯ ಬಾಯಿಗೆ ಹೊಯ್ದೆ. ಅರ್ಧ ಹೊಯ್ದಾಗ ಹಂಡೆಯ ಕಂಠದ ನೆಗ್ಗು ಕಣ್ಣಿಗೆ ಬಿತ್ತು, ಕೈ ನಿಂತಿತು. ಬೆಂಕಿ ಪೂರ್ತಿ ಆರಲಿಲ್ಲ. ಒದ್ದೆ ಸೌದೆ ಚೊಂಯ್ ಎಂದು ಬಚ್ಚಲ ತುಂಬ ಹೊಗೆ ಎದ್ದಿತು, ದಪ್ಪ ಬಿಳಿ ಹೊಗೆ. ಹಸಿ ಗೇರು ಸೊಪ್ಪಿನಿಂದಲೂ ಅಷ್ಟು ಬಿಳಿಯಾಗಿ ನಾನು ಎಂದೂ ಎಬ್ಬಿಸಿರಲಿಲ್ಲ. ಹೊರಗೆ ಬಂದು ನೋಡಿದರೆ ಅದು ಹಂಚಿನ ಸಂದಿಯಿಂದ ಎದ್ದು ನೆಟ್ಟಗೆ ಗುಡ್ಡದ ಕಡೆಗೆ ಹೋಗುತ್ತಿತ್ತು. ಬೀಸಲು ಸೆರಗಿಲ್ಲದ, ಲಂಗದಂಥ ಪರಕಾರ ಉಟ್ಟ ಹುಡುಗಿ ನಾನು, ಎರಡೂ ಕೈ ಬೀಸಿ ಆಕಾಶದ ಹೊಗೆಯನ್ನು ಓಡಿಸಲು ನೋಡಿದೆ.

ಅಷ್ಟರಲ್ಲಿ ಜಪ್ತಿಯವರು ಅಂಗಳಕ್ಕೆ ಬಂದರು. ಕಚೇರಿಯ ಕಾರಕೂನ, ಇಬ್ಬರು ಪೋಲೀಸರು, ಸಾಮಾನು ಹೊರುವುದಕ್ಕೆ ಊರಲ್ಲಿ ಸರಕಾರದ ಚಾಕರಿ ಮಾಡುವ ಉಗ್ರಾಣಿ ಗಿರಿಯಾ. ಕಾರಕೂನ ಘಟ್ಟದ ಮೇಲಿನವನು, ನಮ್ಮ ಕಡೆಯ ಸೆಕೆಗೆ ಮುಖವೆಲ್ಲ ಕೆಂಪಾಗಿತ್ತು. ಒಲೆಯಿಂದ ಒಲೆಗೆ ಹೋಗಿ ನೋಡಿ ಬಂದ.

“ಏನಿದು? ಊರಿಗೆಲ್ಲ ಊಟವೇ?”

“ಅಲ್ಲ ಒಡೆಯಾ, ಬರೀ ನೀರು. ಮೀಯೂಕೆ,” ಅಂದಳು ಅಜ್ಜಿ. ನೋಡಿ, ಸುಳ್ಳು ಬಾರದ ಅಜ್ಜಿ.

“ಇಷ್ಟು ಪಾತ್ರೆಯಲ್ಲಿ?”

“ನಮ್ಮನೆಯವ್ರಿಗೆ ಕೊಳೆ ಹೆಚ್ಚು.”

ಕಾರಕೂನ ಗಿರಿಯಾನಿಗೆ ಇಳಿಸು ಎಂದ. ಗಿರಿಯಾ ಎರಡು ಹೆಜ್ಜೆ ಮುಂದೆ ಹೋಗಿ, ಒಲೆ ನೋಡಿ, ಅಜ್ಜಿಯ ಮುಖ ನೋಡಿ, ಕೈ ಕಟ್ಟಿಕೊಂಡ.

“ನನ್ನ ಕೈಲಿ ಆಗೂದಿಲ್ಲ ಒಡೆಯಾ. ಮನೆಲಿ ಹೆಂಡ್ತಿ ಬಸ್ರಿ. ಬೆಂಕಿ ಆರ್ಲಿ, ಮತ್ತೆ ಇಳಿಸ್ತೆ.”

ಪೋಲೀಸರಲ್ಲಿ ಒಬ್ಬ ನಮ್ಮ ಕಡೆಯವನೇ. ಅವನು ಆಕಾಶ ನೋಡತೊಡಗಿದ. ಕಾರಕೂನ ತಾನೇ ತಪ್ಪಲೆ ಮುಟ್ಟಲು ಹೋಗಿ ಬೆರಳು ಸುಟ್ಟುಕೊಂಡ. ಆಗಲಿ, ಬೆಂಕಿ ಆರುವವರೆಗೂ ಕೂರುತ್ತೇನೆ ಎಂದು ಜಗಲಿಯಲ್ಲಿ ಅಪ್ಪನ ಪಕ್ಕವೇ ಕೂತ. ಅಪ್ಪ ಎದ್ದು ಅವನಿಗೆ ಬೆರಳಿಗೆ ಹಚ್ಚಿಕೊಳ್ಳಲು ತೆಂಗಿನೆಣ್ಣೆ ತಂದುಕೊಟ್ಟ. ಮನೆ ದೋಚಲು ಬಂದವನಿಗೆ ಎಣ್ಣೆ! ನಾನು ಅಪ್ಪನ ಮುಖ ನೋಡಿದೆ, ಅಲ್ಲಿ ಏನೂ ಬರೆದಿರಲಿಲ್ಲ.

ಆಗ ಹಿತ್ತಲ ಬೇಲಿ ಸರಿಸಿಕೊಂಡು ಅಣ್ಣ ಬಂದ. ಬಚ್ಚಲ ಮೂಲೆ ತಿರುಗಿದವನು ಪೋಲೀಸರನ್ನು ಕಂಡು ನಿಂತ. ಓಡಬಹುದಿತ್ತು, ಗುಡ್ಡ ಬೆನ್ನ ಹಿಂದೆಯೇ ಇತ್ತು. ಅವನು ನಾಲ್ಕು ಒಲೆಯ ನಾಲ್ಕು ಹೊಗೆಯನ್ನು ನೋಡಿದ, ಅಜ್ಜಿಯನ್ನು ನೋಡಿದ, ಒದ್ದೆ ಪರಕಾರದಲ್ಲಿ ನಿಂತ ನನ್ನನ್ನು ನೋಡಿದ. ಪೋಲೀಸರು ಹೋಗಿ ರಟ್ಟೆ ಹಿಡಿದರು. ಅಣ್ಣ ಕಾರಕೂನನಿಗೆ ಮೆತ್ತಗೆ ಹೇಳಿದ.

“ಬತ್ತೆ ರಾಯರೆ. ಹದಿನೈದು ದಿವ್ಸ ಆತು ಮಿಂದಿಲ್ಲ. ನೀರು ಕಾದದೆ, ಮಿಂದ್ಕಂಡೇ ಬತ್ತೆ.”

ಬೇಕಾಗಿದ್ದವನು ತಾನಾಗಿ ಸಿಕ್ಕ ಸಂತೋಷದಲ್ಲಿ ಕಾರಕೂನ ಹೂಂ ಅಂದ. ಬಚ್ಚಲ ಬಾಗಿಲಿಗೆ ಒಬ್ಬ ಪೋಲೀಸ್ ನಿಂತ. ಅಣ್ಣ ಮಿಂದ, ಮಿಂದ, ಮಿಂದೇ ಮಿಂದ. ಹಂಡೆ ತಳ ಕಾಣುವ ಮುಂಚೆ ನನ್ನನ್ನು ಕೂಗಿ ಬಾವಿಯ ನೀರು ಸುರಿಸಿದ, ಸೌದೆ ದೂಡಿಸಿದ. ಅಜ್ಜಿ ಸೀಗೆಪುಡಿ ತಂದು ಚಿಕ್ಕ ಮಗುವಿಗೆ ತಿಕ್ಕುವಂತೆ ಬೆನ್ನು ತಿಕ್ಕಿದಳು, ಕಣ್ಣೀರು ಸುರಿಸುತ್ತಲೇ ತಿಕ್ಕಿದಳು, ನಡುವೆ ಓಡಿಹೋಗಿ ಉಳಿದ ಮೂರು ಒಲೆಗೂ ಸೌದೆ ಒಡ್ಡಿ ಬಂದಳು. ನಡುನಡುವೆ ಅಣ್ಣ ಕೇಳುತ್ತಿದ್ದ.

“ಹೊನ್ನೂ, ಹೊತ್ತು ಎಲ್ಲಿಗೆ ಬಂತೆ?”

“ತೆಂಗಿನ ತಲೆ ಮೇಲದೆ.”

“ಇನ್ನೊಂದು ಕೊಡ ತಾ ಹಾಂಗಾರೆ.”

ಹೊತ್ತು ಮುಳುಗಿದ ಮೇಲೆ ಜಪ್ತಿ ಮಾಡುವಂತಿಲ್ಲ ಎಂದು ಕಾಯ್ದೆಯಂತೆ. ಅವನು ಹಂಚುತ್ತಿದ್ದ ಹಾಳೆಯಲ್ಲೇ ಅದು ಅಚ್ಚಾಗಿತ್ತೆಂದು ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ನಾನು ಸೂರ್ಯ ಸಮುದ್ರಕ್ಕೆ ಇಳಿದ ಎಂದು ಹೇಳಿದ ಕೂಡಲೇ ಅಣ್ಣ ಮೈ ಒರೆಸಿಕೊಂಡು ಹೊರಗೆ ಬಂದ. ಕಾರಕೂನನಿಗೆ ಸಿಕ್ಕಿದ್ದು ಜಗಲಿಯ ಮೇಲಿದ್ದ ಚರಕ ಮತ್ತು ನಮ್ಮ ಅಣ್ಣ. ಅಣ್ಣನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗಿರಿಯಾ ಚರಕ ಹೊತ್ತು ಹಿಂದಿನಿಂದ ಹೋದ. ಅಜ್ಜಿ ಅಂಗಳದಲ್ಲಿ ಕುಸಿದು, ಹಂಡೆ ಉಳೀತು ಅಂದಳು. ಮರುಗಳಿಗೆ ಹಣೆ ಹಣೆ ಬಡಿದುಕೊಂಡಳು.

ಅಂದಿನಿಂದ ಅಜ್ಜಿಗೆ ಒಂದೇ ಮಾತು. ಅಕ್ಕಿ ಕೇರುವಾಗಲೂ ಅದೇ, ಮೀನು ಹೆರೆಯುವಾಗಲೂ ಅದೇ: ಅವ ಆ ದಿವ್ಸವೇ ಎಂತಕ್ಕೆ ಬಂದ? ಯಾರು ಹೇಳಿ ಕಳಿಸಿದರು? ಗಿರಿಯಾನ ಮೇಲೆ ಸಂಶಯಪಟ್ಟಳು, ನೆರೆಮನೆಯಾಕೆಯ ಮೇಲೆ ಪಟ್ಟಳು, ಒಂದು ದಿನ ಅಪ್ಪನ ಮುಖವನ್ನೇ ಬಹಳ ಹೊತ್ತು ನೋಡಿದಳು. ನನ್ನ ಮೇಲೆ ಮಾತ್ರ ಪಡಲಿಲ್ಲ. ನಾನು ಊಟ ಬಿಟ್ಟೆ. ಹೇಳಿದರೆ ಆಣೆ ಮುರಿಯುತ್ತದೆ, ಜೊತೆಗೆ ಅಜ್ಜಿ ತಾನೇ ಬೆಂಕಿ ಹಾಕಿ ಮೊಮ್ಮಗನನ್ನು ಕರೆಸಿ ಹಿಡಿದುಕೊಟ್ಟೆನೆಂದು ತಿಳಿದು ಬದುಕುವುದಿಲ್ಲ. ಹೇಳದಿದ್ದರೆ ಊರವರೆಲ್ಲ ಕಳ್ಳರಾಗುತ್ತಾರೆ. ಇನ್ನು ಚೊಂಬಿನ ನೀರು ಹೊಯ್ದದ್ದು ನಾನು. ಒಣ ಸೌದೆ ತಾನಾಗಿ ಉರಿದಿದ್ದರೆ ಹೊಗೆ ಅಷ್ಟು ಕಾಣುತ್ತಿತ್ತೋ ಇಲ್ಲವೋ ಯಾರು ಬಲ್ಲರು. ಹಿಡಿದುಕೊಟ್ಟದ್ದು ಅಜ್ಜಿಯೋ ನಾನೋ? ಒಂಬತ್ತು ವರ್ಷದ ತಲೆಗೆ ಇದು ಹೆಚ್ಚಾಯಿತು, ಜ್ವರ ಬಂತು.

ಕಾರವಾರದ ಕೋರ್ಟಿನಲ್ಲಿ ಅಣ್ಣನ ವಿಚಾರಣೆಯ ದಿನ ಅಪ್ಪ ನಮ್ಮಿಬ್ಬರನ್ನು ಗಾಡಿಯಲ್ಲಿ ಕರೆದುಕೊಂಡು ಹೋದ. ನಾನು ಮೊದಲ ಬಾರಿಗೆ ಕಾರವಾರ ಕಂಡದ್ದು. ಕೋರ್ಟಿನೊಳಗೆ ಎತ್ತರದ ಕುರ್ಚಿಯಲ್ಲಿ ಕೂತವನೇ ಸರಕಾರ ಎಂದುಕೊಂಡೆ. ಅವನಿಗೆ ನೆಗಡಿಯಾಗಿತ್ತು, ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಎರಡು ವರ್ಷ ಅಂದ. ಅಣ್ಣನನ್ನು ಹೊರಗೆ ತಂದಾಗ ಬೇಡಿ ಹಾಕಿದ್ದರು. ಅಜ್ಜಿ ಪೋಲೀಸರ ನಡುವೆ ನುಗ್ಗಿ ಅವನ ಗಲ್ಲ ಹಿಡಿದಳು.

“ಆ ದಿವ್ಸವೇ ಎಂತಕ್ಕೆ ಬಂದ್ಯೋ ಮಗನೆ? ಯಾರು ಕರೆದ್ರು ನಿನ್ನ?”

ಅಣ್ಣ ಅಜ್ಜಿಯ ತಲೆಯ ಮೇಲಿನಿಂದ ನನ್ನನ್ನು ನೋಡಿದ.

“ಯಾರೂ ಕರೀಲಿಲ್ಲ ಅಜ್ಜಿ. ಹಸಿವಾಗಿತ್ತು.”

ಗಾಡಿಯಲ್ಲಿ ಮರಳುವಾಗ ಅಜ್ಜಿ ದಾರಿಯುದ್ದಕ್ಕೂ ಅತ್ತಳು, ಹಸಿದು ಬಂದ ಮಗನಿಗೆ ಅನ್ನ ಹಾಕದೆ ಬರೀ ನೀರು ಹೊಯ್ದೆನಲ್ಲ ಎಂದು. ಆದರೆ ಊರವರನ್ನು ಬೈಯುವುದು ಅಂದಿಗೆ ನಿಂತಿತು. ನನಗೆ ಮಾತ್ರ ಹೊಸ ತೊಡಕು. ನಿಜವಾಗಿಯೂ ಹಸಿವಾಗಿ ಬಂದನೋ? ಹೊಗೆ ಕಾಣಲೇ ಇಲ್ಲವೋ? ಹಾಗಾದರೆ ನನ್ನನ್ನು ಯಾಕೆ ನೋಡಿದ?

ಎರಡು ವರ್ಷ ನಾನು ಈ ಪ್ರಶ್ನೆ ಇಟ್ಟುಕೊಂಡು ಬೆಳೆದೆ. ನಮ್ಮ ಗದ್ದೆ ಹರಾಜಾಯಿತು, ಅಪ್ಪ ಅದೇ ಗದ್ದೆಗೆ ಕೂಲಿಗೆ ಹೋದ, ಹೋಗುವಾಗ ಯಾರಿಗೂ ಬೈಯಲಿಲ್ಲ. ಅಣ್ಣ ಜೈಲಿನಿಂದ ಬಂದಾಗ ಸೊರಗಿ ಅರ್ಧ ಆಳಾಗಿದ್ದ. ಬಂದ ಮೊದಲ ಬೆಳಿಗ್ಗೆ ಅಜ್ಜಿ ಬಚ್ಚಲ ಒಲೆ ಹೊತ್ತಿಸಿ, ಬೆನ್ನಿಗೆ ನೀರು ಹೊಯ್ಯಲು ನನ್ನನ್ನು ಕಳಿಸಿ, ತಾನು ಅಡುಗೆ ಮನೆಯಲ್ಲಿ ಮೀನು ಸಾರಿಗೆ ಕಾಯಿ ಅರೆಯುತ್ತಿದ್ದಳು. ರುಬ್ಬುವ ಕಲ್ಲಿನ ಸದ್ದು ಬಚ್ಚಲಿಗೆ ಕೇಳುತ್ತಿತ್ತು. ನಾನು ಚೊಂಬು ಹಿಡಿದು ಅಣ್ಣನ ಹಿಂದೆ ನಿಂತಿದ್ದೆ. ಅವನ ಮುಖ ಕಾಣದಿದ್ದುದರಿಂದ ಕೇಳುವ ಧೈರ್ಯ ಬಂತು.

“ಅಣ್ಣಾ, ಆ ದಿವ್ಸ ಹೊಗೆ ಕಂಡು ಬಂದ್ಯಾ?”

“ಯಾವ ಹೊಗೆ?”

ಅಷ್ಟೇ ಅಂದ. ನನ್ನ ಎದೆಯ ಮೇಲಿನ ಕಲ್ಲು ಜಾರಿದಂತಾಗಿ ಅಳು ಬಂತು. ಅವನಿಗೆ ನೆನಪೇ ಇಲ್ಲ! ಎರಡು ವರ್ಷ ನಾನು ಸುಮ್ಮನೆ ಬೆಂದೆ. ಅವನು ಒಲೆಯೊಳಗಿನ ಸೌದೆಯನ್ನು ಹಿಂದೆ ಮುಂದೆ ಮಾಡುತ್ತಾ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ, ರುಬ್ಬುವ ಕಲ್ಲಿನ ಸದ್ದು ನಡೆಯುತ್ತಿದೆಯೇ ಎಂದು ಕಿವಿಗೊಟ್ಟು, ದನಿ ತಗ್ಗಿಸಿದ.

“ಅಜ್ಜಿಗೆ ಹೇಳ್ಲಿಲ್ಲ ಅಲ್ದಾ?”

“ಇಲ್ಲ.”

“ಹೇಳೂಕಾಗ. ಆ ದಿವ್ಸ ಒಲೆ ಹೊತ್ಸಿದ್ದು ಅಜ್ಜಿನೇ. ಗೊತ್ತಾದ್ರೆ ತಡ್ಕಳೂದಿಲ್ಲ.”

ಬಿಳಿ ಹೊಗೆ ಎಬ್ಬಿಸಿದ್ದು ಯಾರ ಚೊಂಬು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದೇ ಚೊಂಬು ಆಗಲೂ ನನ್ನ ಕೈಯಲ್ಲಿತ್ತು. ಹೇಳಬೇಕೆಂದು ಬಾಯಿ ತೆರೆದೆ.

“ನೀರು ಹೊಯ್ಯೆ, ಚಳಿ ಆಗ್ತದೆ,” ಅಂದ ಅಣ್ಣ.

ನಾನು ಅವ್ವೆಯ ಹಂಡೆಯಿಂದ ಚೊಂಬು ತುಂಬಿ ಅವನ ಬೆನ್ನಿಗೆ ನೀರು ಹೊಯ್ದೆ.